ತಿದಿಯ ಕೋಣೆ

ಫೆಬ್ರವರಿ ೩, ಸೋಮವಾರ

ಎಡಗೈ ಮಣಿಕಟ್ಟು ಮುರಿದಿದೆ. ಬೆರಳ ತುದಿಗಳಷ್ಟನ್ನೇ ಹೊರಗೆ ಬಿಟ್ಟು ಮೊಣಕೈಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಚರ್ಚಿನ ಆರ್ಗನ್ ಮೇಲಿದ್ದ ಹೂದಾನಿ ಇಳಿಸಲು ಸ್ಟೂಲು ಹತ್ತಿ ಬಿದ್ದೆ. ಅಲ್ಲಿ ಹೂದಾನಿ ಇಡಬೇಡ, ನೀರು ಚೆಲ್ಲಿದರೆ ಮರ ಉಬ್ಬುತ್ತದೆ ಎಂದು ಬೇಕರಿಯವಳಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವಳ ಕಿವಿಗೆ ಬೀಳಲಿಲ್ಲ. ಅವಳು ಕಮಿಟಿಯ ಸದಸ್ಯೆ, ಹೂ ಜೋಡಿಸುವವರ ಮುಖ್ಯಸ್ಥೆ. ಹಾಡಲು ನಿಂತರೆ ದನಿ ಬೀದಿಯ ಕೊನೆಗೂ ಕೇಳಿಸುವುದರಿಂದ ಎಲ್ಲರ ಬಾಯಲ್ಲೂ ಅವಳು ಸೈರನ್. ನಾನು ಬಿದ್ದಾಗ ಓಡಿ ಬಂದು ಮೊದಲು ಎತ್ತಿದ್ದು ಹೂದಾನಿಯನ್ನು.

ನಿನ್ನೆ ಆರಾಧನೆಯಲ್ಲಿ ನನ್ನ ಬದಲು ತಂಗಿ ಆರ್ಗನ್ ನುಡಿಸಿದಳು. ಬೇರೆ ಯಾರಿಗೂ ಬರುವುದಿಲ್ಲವಲ್ಲ. ಅವಳಿಗೆ ಬರುತ್ತದೆ ಎನ್ನುವುದೂ ಧಾರಾಳದ ಮಾತೇ. ಚಿಕ್ಕಂದಿನಲ್ಲಿ ನಾನೇ ಕಲಿಸಿದ್ದು. ಕಲಿಸಿ ಸಾಕಾಗಿ, ನಿನಗೆ ಸಂಗೀತ ಬರುವುದಿಲ್ಲ, ಹೊಲಿಗೆಯೇ ಸರಿ ಎಂದು ಕೈ ಬಿಟ್ಟಿದ್ದೆ. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೇ ಬಂದಿದ್ದಾಳೆ. ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಜನರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುತ್ತಾಳೆ. ನಿನ್ನೆ ಎರಡನೆಯ ಹಾಡಿನಲ್ಲಿ ಒಂದು ಚರಣ ಹೆಚ್ಚಿಗೆ ನುಡಿಸಿದಳು. ಜನ ಪುಸ್ತಕ ಮುಚ್ಚಿ ನಿಂತಿದ್ದರೆ ಇವಳು ಖಾಲಿ ಬಸ್ಸಿನ ಹಾಗೆ ಒಬ್ಬಳೇ ಹೋಗುತ್ತಿದ್ದಳು. ಮುಗಿದ ಮೇಲೆ ಪಾದ್ರಿಗಳು ಅವಳ ಬಳಿ ಹೋಗಿ, "ತುಂಬ ಚೆನ್ನಾಗಿತ್ತಮ್ಮ" ಎಂದರು. ಇಷ್ಟು ವರ್ಷಗಳಲ್ಲಿ ನನಗೆ ಯಾರೂ ಹಾಗೆ ಹೇಳಿದ ನೆನಪಿಲ್ಲ. ನಾನು ತಪ್ಪು ನುಡಿಸುವುದಿಲ್ಲ, ಅದಕ್ಕೇ ಇರಬೇಕು.

ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗುವುದಿಲ್ಲ. ಅವಳೇ ಹಾಕುತ್ತಾಳೆ. ಹಾಕುತ್ತಾ ಗುನುಗುತ್ತಾಳೆ, ಅದೂ ಶ್ರುತಿ ತಪ್ಪಿ.

ಫೆಬ್ರವರಿ ೯, ಭಾನುವಾರ

ಬಿದ್ದವರಿಗೆ ಆಳಿಗೊಂದು ಕಲ್ಲು. ಆರ್ಗನ್ನಿಗೆ ಗಾಳಿ ತುಂಬುವ ಮೋಟಾರು ಶುಕ್ರವಾರ ಸುಟ್ಟುಹೋಯಿತು. ರಿಪೇರಿಯವನು ಬಿಚ್ಚಿಕೊಂಡು ಹೋಗಿದ್ದಾನೆ. ಯಾವಾಗ ತರುತ್ತಾನೆಂದು ಕೇಳಿದರೆ ಮುಂದಿನ ವಾರ ಅನ್ನುತ್ತಾನೆ. ಅವನ ಮುಂದಿನ ವಾರಕ್ಕೆ ನಾಳೆ ಎನ್ನುವುದೇ ಇಲ್ಲ.

ಮೋಟಾರು ಬರುವ ಮೊದಲು ತಿದಿಯನ್ನು ಕೈಯಲ್ಲಿ ಒತ್ತುತ್ತಿದ್ದರು. ಆರ್ಗನ್ನಿನ ಹಿಂದೆ ಮರದ ತಡಿಕೆ, ಅದರ ಹಿಂದೆ ಒಬ್ಬರು ನಿಲ್ಲುವಷ್ಟು ಕೋಣೆ. ಗೋಡೆಯಿಂದ ಉದ್ದನೆಯ ಮರದ ಹಿಡಿ ಚಾಚಿಕೊಂಡಿದೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಸೀಸದ ಗುಂಡು. ತಿದಿ ತುಂಬಿದರೆ ಗುಂಡು ಇಳಿಯುತ್ತದೆ, ಗಾಳಿ ಮುಗಿಯುತ್ತ ಬಂದರೆ ಮೇಲೇರುತ್ತದೆ. ಗೋಡೆಯ ಮೇಲಿನ ಸುಣ್ಣದ ಗೆರೆ ದಾಟಲು ಬಿಡಬಾರದು. ನಮ್ಮ ಅಪ್ಪ ಆ ಹಿಡಿ ಒತ್ತುತ್ತಿದ್ದವರು. ನಾನು ಅವರ ಕಾಲ ಬಳಿ ನಿಂತು ಕಲಿತವಳು. ಈಗ ಅದು ಗೊತ್ತಿರುವುದು ನನಗೊಬ್ಬಳಿಗೇ.

ಬೆಳಿಗ್ಗೆ ಸೈರನ್, "ದಿನಾ ಹಿಟ್ಟು ನಾದೋ ಕೈ ಇದು, ನಾನ್ ಒತ್ತೀನಿ ಬಿಡಿ" ಎಂದು ಸೆರಗು ಸಿಕ್ಕಿಸಿ ಒಳಗೆ ಹೋದಳು. ನಾದಿಯೇ ನಾದಿದಳು. ಮೊದಲ ಹಾಡಿಗೆ ಆರ್ಗನ್ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಎರಡು ಸಾಲು ತಡೆದುಕೊಂಡೆ. ಮೂರನೆಯ ಸಾಲಿಗೆ ಎದ್ದು ಹೋಗಿ, "ಕೊಡು ಇಲ್ಲಿ" ಎಂದು ಹಿಡಿ ಕಿತ್ತುಕೊಂಡೆ. ಬಲಗೈ ಸರಿ ಇದೆಯಲ್ಲ.

ಕೊನೆಗೆ ಪಾದ್ರಿಗಳು ಎಲ್ಲರೆದುರು, "ದೀನತೆ ಅಂದ್ರೆ ಇದು ನೋಡಿ. ಆರ್ಗನ್ ನುಡಿಸೋರೇ ಹಿಂದೆ ನಿಂತು ತಿದಿ ಒತ್ತಿದ್ರು" ಎಂದರು. ದೀನತೆಯಂತೆ! ಕಿವಿ ತಡೆಯಲಾರದೆ ಹೋದದ್ದು. ಆದರೂ ಕೇಳಲು ಹಿತವಾಗಿತ್ತು. ತಿದ್ದಲು ಹೋಗಲಿಲ್ಲ.

ಫೆಬ್ರವರಿ ೧೧, ಮಂಗಳವಾರ

ಅಂಚೆ ಕಚೇರಿಯಲ್ಲಿ ನನ್ನನ್ನು ಪಾರ್ಸೆಲ್ ಕೌಂಟರಿನಿಂದ ತೆಗೆದು ವಿಚಾರಣೆಯ ಕಿಟಕಿಗೆ ಹಾಕಿದ್ದಾರೆ. ಇಡೀ ದಿನ ಜನ ಬಂದು "ಅಂಟು ಎಲ್ಲಿದೆ?" ಎಂದು ಕೇಳುತ್ತಾರೆ. ಅಂಟು ಅವರ ಮೊಣಕೈ ಪಕ್ಕದಲ್ಲೇ ಇರುತ್ತದೆ. ಮನೆಗೆ ಬಂದರೆ ತಂಗಿ ಊಟವನ್ನು ಮಗುವಿಗೆ ಮಾಡುವಂತೆ ತುಂಡು ತುಂಡು ಮಾಡಿ ಇಡುತ್ತಾಳೆ. ಸಾಕಾಗಿದೆ.

ಫೆಬ್ರವರಿ ೧೬, ಭಾನುವಾರ

ಆ ಕೋಣೆಯಲ್ಲಿ ಏನೂ ಕಾಣುವುದಿಲ್ಲ. ಇಲಿ ವಾಸನೆ, ಹಳೆಯ ಚರ್ಮದ ವಾಸನೆ, ತಲೆಯ ಮೇಲೊಂದು ಮಂಕು ಬಲ್ಬು. ಎಲ್ಲವನ್ನೂ ಕೇಳಿಸಿಕೊಂಡೇ ತಿಳಿಯಬೇಕು.

ಇವತ್ತು ತಪ್ಪೊಪ್ಪಿಗೆಯ ಪ್ರಾರ್ಥನೆ ಬಂದಾಗ ಒಂದು ಕಿರಿಕಿರಿಯಾಯಿತು. ಎಲ್ಲರೂ ಮಂಡಿಯೂರಿ ಒಟ್ಟಿಗೆ ಹೇಳುವ ಪ್ರಾರ್ಥನೆ ಅದು. ಆರ್ಗನ್ ಮುಂದೆ ಕೂತಿದ್ದ ದಿನಗಳಲ್ಲಿ ನನಗೆ ಆಗ ಕೈ ತುಂಬ ಕೆಲಸ. ಮುಂದಿನ ಹಾಡಿನ ಹಾಳೆ ಹುಡುಕಬೇಕು, ಸ್ವರ ಬದಲಿಸುವ ಗುಂಡಿ ಎಳೆಯಬೇಕು, ಕನ್ನಡಕ ಒರೆಸಬೇಕು. ಅಂದರೆ ಇಷ್ಟು ವರ್ಷ ಪ್ರತಿ ಭಾನುವಾರ ಚರ್ಚಿಗೆ ಹೋಗಿಯೂ ಆ ಪ್ರಾರ್ಥನೆಯನ್ನು ನಾನು ಹೇಳಿಯೇ ಇಲ್ಲ. ಇವತ್ತು ಹಿಡಿಗೆ ಕೆಲಸವಿರಲಿಲ್ಲ, ಸುಮ್ಮನೆ ನಿಂತು ಕೇಳಿಸಿಕೊಂಡೆ. ಸೈರನ್ ಮಾತ್ರ ಎಲ್ಲರಿಗಿಂತ ಒಂದು ಪದ ಮುಂದೆ ಓಡುತ್ತಿದ್ದಳು, ಕ್ಷಮೆಯನ್ನು ಅಂಗಡಿ ಬಾಗಿಲಲ್ಲಿ ಮೊದಲು ಬಂದವರಿಗೆ ಕೊಡುತ್ತಾರೇನೋ ಎಂಬಂತೆ.

ತಂಗಿ ಮೂರು ಕಡೆ ತಪ್ಪಿದಳು. ಮನೆಗೆ ಬಂದು ಹೇಳಿದೆ. "ಮೂರೇನಾ?" ಎಂದು ಸಂತೋಷಪಟ್ಟಳು.

ಫೆಬ್ರವರಿ ೨೦, ಗುರುವಾರ

ಪಾದ್ರಿಗಳು ಮನೆಗೆ ಬಂದಿದ್ದರು. ಚಹಾ ಕುಡಿಯುವ ತನಕ ಹವೆಯ ಮಾತು. ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು. ಮಾರ್ಚ್ ಎರಡಕ್ಕೆ ಬಿಷಪ್ಪರು ಬರುತ್ತಾರೆ, ತಂಗಿಯೇ ನುಡಿಸಲಿ. ಅದು ಚೆನ್ನಾಗಿ ನಡೆದರೆ, ನನ್ನ ಕೈ ಸರಿಹೋದ ಮೇಲೂ ಇಬ್ಬರೂ ಒಂದೊಂದು ವಾರ ಹಂಚಿಕೊಳ್ಳಬಹುದು. ಕಮಿಟಿಯವರ ಅಭಿಪ್ರಾಯವೂ ಅದೇ.

"ನಿಮ್ಮ ಭಾರನೂ ಕಮ್ಮಿ ಆಗುತ್ತಲ್ಲ" ಎಂದರು.

"ಭಾರ ಅಂತ ನಾನ್ ಯಾವತ್ತು ಹೇಳಿದೀನಿ?" ಎಂದೆ.

ಅವರು ಖಾಲಿ ಲೋಟವನ್ನು ಮತ್ತೆ ಎತ್ತಿ ಕುಡಿದರು. ಬಾಗಿಲ ಸಂದಿಯಲ್ಲಿ ತಂಗಿ ನಿಂತಿದ್ದಳು, ಕುತ್ತಿಗೆಯಲ್ಲಿ ಅಳತೆಯ ಟೇಪು. ಅವಳ ಮುಖದಲ್ಲಿ ಒಂದು ಆಸೆ ಕಂಡಿತು. ಅವಳಿಗೆ ಆಸೆಗಳಿವೆ ಎಂದೇ ನಾನು ಎಣಿಸಿರಲಿಲ್ಲ.

ಒಂದೇ ಒರೆಯಲ್ಲಿ ಎರಡು ಕತ್ತಿ! ನನ್ನದು ಅಂತ ಈ ಭೂಮಿಯ ಮೇಲೆ ಇರುವುದು ಆರ್ಗನ್ ಮುಂದಿನ ಆ ಸ್ಟೂಲು ಒಂದೇ. ಗಂಡ ಮಕ್ಕಳು ಯಾರೂ ಇಲ್ಲದವಳು ನಾನು. ಅದನ್ನೂ ಅರ್ಧ ಮಾಡಿ ಕೊಡು ಅಂದರೆ ಹೊಟ್ಟೆ ಉರಿಯುವುದಿಲ್ಲವೆ? ಉರಿಯುತ್ತದೆ. ಇಲ್ಲಿ ಬರೆಯಲು ನಾಚಿಕೆಯೇನು.

ಫೆಬ್ರವರಿ ೨೩, ಭಾನುವಾರ

ಇವತ್ತು ಪಾದ್ರಿಗಳ ಪ್ರಸಂಗ ಅಹಂಕಾರದ ಮೇಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ಸೈರನ್ನಿಗೆ ಚೆನ್ನಾಗಿ ನಾಟಲಿ ಎಂದುಕೊಂಡೆ.

ಇನ್ನೊಂದು ಸಂಗತಿ. ತಪ್ಪೊಪ್ಪಿಗೆಯ ಪ್ರಾರ್ಥನೆಯನ್ನು ಇವತ್ತು ನಾನೂ ತುಟಿ ಆಡಿಸಿ ಹೇಳಿದೆ, ಹೊತ್ತು ಹೋಗಲಿ ಅಂತ. ಅರ್ಧಕ್ಕೆ ಬಂದಾಗ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ತಡಿಕೆಯ ಆಚೆ ಇದ್ದವರಲ್ಲ, ಈಚೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಸಣ್ಣವಳಾಗಿದ್ದಾಗ ಅಪ್ಪ ಆ ಕೋಣೆಯೊಳಗೆ ಚಪ್ಪಲಿ ಹಾಕಲು ಬಿಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಹೆದರಿಕೆ ಇರಬೇಕು ಮಗಳೆ" ಎನ್ನುತ್ತಿದ್ದರು. ಹೆಚ್ಚು ಹೇಳುವ ಮನುಷ್ಯನಲ್ಲ. ನನಗೆ ಅದು ಒಗಟಾಗಿಯೇ ಉಳಿಯಿತು.

ಇಲಿ ಇರಬೇಕು. ಈಚೆಗೆ ಪ್ಲಾಸ್ಟರಿನೊಳಗೆ ತುರಿಕೆ, ನಿದ್ದೆ ಸರಿಯಿಲ್ಲ.

ಮಾರ್ಚ್ ೧, ಶನಿವಾರ

ನಾಳೆ ಬಿಷಪ್ಪರು. ತಂಗಿ ಹೊಸ ರವಿಕೆ ಹೊಲಿದುಕೊಂಡಿದ್ದಾಳೆ. ಅದೇ ಬಟ್ಟೆಯಲ್ಲಿ ನನಗೂ ಒಂದು. ಎಡತೋಳಿಗೆ ಪ್ಲಾಸ್ಟರ್ ನುಗ್ಗುವಷ್ಟು ಅಗಲ ಬಿಟ್ಟು, ಗುಂಡಿಗಳನ್ನು ಬಲಗೈಗೆ ಸಿಗುವ ಹಾಗೆ ಇಟ್ಟಿದ್ದಾಳೆ. ಚೆನ್ನಾಗಿದೆ ಎಂದೆ. ಹೇಳಬೇಕಾಗಿತ್ತು.

ಈಗ ಬರೆಯುವುದನ್ನು ಯಾರಿಗೂ ಹೇಳುವುದಿಲ್ಲ. ಕೊನೆಯ ಹಾಡಿನಲ್ಲಿ, ಬಿಷಪ್ಪರು ಮೆರವಣಿಗೆಯಲ್ಲಿ ಹೊರಡುವಾಗ, ಹಿಡಿಯನ್ನು ಸ್ವಲ್ಪ ನಿಧಾನ ಮಾಡಿದರೆ ಸಾಕು. ನಿಲ್ಲಿಸುವುದೂ ಬೇಡ. ಗುಂಡು ಗೆರೆ ದಾಟುತ್ತದೆ, ಸ್ವರ ಕುಸಿಯುತ್ತದೆ, ತಂಗಿ ಗಾಬರಿಯಾಗಿ ಎಲ್ಲೆಲ್ಲೋ ಕೈ ಹಾಕುತ್ತಾಳೆ. ಹಾಳಾದದ್ದು ತಿದಿಯಿಂದಲೋ ಬೆರಳಿನಿಂದಲೋ ಜನರಿಗೆ ಗೊತ್ತಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳನ್ನೇ ಆಡಿಕೊಳ್ಳುತ್ತಾರೆ. ನೆಲವನ್ನೇ ಡೊಂಕು ಮಾಡುವವಳು ನಾನು.

ತಪ್ಪು ಎಂದು ಗೊತ್ತಿದೆ. ಆದರೆ ನನಗೆ ಆಗುತ್ತಿರುವ ಅನ್ಯಾಯ ಸಣ್ಣದೆ?

ಮಾರ್ಚ್ ೨, ಭಾನುವಾರ

ಆರ್ಗನ್ ನಿಂತಿತು. ನನ್ನಿಂದಲೇ. ಆದರೆ ಹಾಗಲ್ಲ. ನಾಳೆ ಬರೆಯುತ್ತೇನೆ.

ಮಾರ್ಚ್ ೩, ಸೋಮವಾರ

ಕಚೇರಿಗೆ ರಜೆ ಹಾಕಿದ್ದೇನೆ. ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ತಂಗಿ ತಪ್ಪಲಿಲ್ಲ. ಅದಕ್ಕೂ ನನಗೆ ಸಿಟ್ಟಿತ್ತು. ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಮೊದಲು 'ಪರಿಶುದ್ಧ' ಎಂದು ಮೂರು ಸಲ ಹಾಡುವ ಹಾಡು ಬರುತ್ತದೆ. ಅದಕ್ಕೆ ಮುಂಚಿನ ಮಾತುಗಳನ್ನು ಬಿಷಪ್ಪರು ಹೇಳಿದರು. ಮುದಿ ದನಿ, ನಡುಗುತ್ತಿತ್ತು. ವಯಸ್ಸಿನ ನಡುಕ ಅಂದುಕೊಂಡೆ. ಆಮೇಲೆ ಅದಲ್ಲ ಅನ್ನಿಸಿತು. ಅಷ್ಟು ದೊಡ್ಡ ಮನುಷ್ಯ, ತನ್ನ ಮುಂದೆ ನಿಂತವನಿಗೆ ಹೆದರಿಕೊಂಡು ಮಾತಾಡುತ್ತಿದ್ದರು.

ಹಾಡು ಶುರುವಾಯಿತು, ಒತ್ತುತ್ತಿದ್ದೆ. ಗುಂಡು ಚೆನ್ನಾಗಿ ಕೆಳಗಿತ್ತು. ಇನ್ನು ಎರಡು ಹಾಡು, ಆಮೇಲೆ ನನ್ನ ಸಂಚು ಎಂದು ಎಣಿಸುತ್ತಿದ್ದವಳಿಗೆ, ಆ ಸಂಚನ್ನು ಕೈಯಲ್ಲಿ ಹಿಡಿದುಕೊಂಡು ಯಾರ ಮುಂದೆ ನಿಂತಿದ್ದೇನೆ ಎನ್ನುವುದು ಹೊಳೆಯಿತು. ಹೊಳೆಯಿತು ಎಂದರೆ ಸಾಲದು. ಹೋದ ವಾರ ಕೋಣೆಯಲ್ಲಿದ್ದವನು ಇಲಿಯಾಗಿರಲಿಲ್ಲ. ಹೊಡೆಯುತ್ತಾನೆಂಬ ಹೆದರಿಕೆಯಲ್ಲ ಅದು, ಹೇಗೆ ಹೇಳಲಿ, ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡದು. ಹಿಡಿ ಬಿಟ್ಟದ್ದು ನನಗೆ ಗೊತ್ತಿಲ್ಲ. ಮಂಡಿ ಊರಿದ್ದೂ ಗೊತ್ತಿಲ್ಲ.

ಎಚ್ಚರವಾದದ್ದು ಆರ್ಗನ್ ಕರುವಿನಂತೆ ನರಳಿ ನಿಂತಾಗ. ಗುಂಡು ಗೆರೆ ದಾಟಿ ಮೇಲಕ್ಕೆ ಹೋಗಿತ್ತು. ಈಗ ಒತ್ತಿದರೆ ನಡುವೆ ಕಿರುಚುತ್ತದೆ. ಸುಮ್ಮನಾದೆ. ಜನ ಹಾಡು ನಿಲ್ಲಿಸಲಿಲ್ಲ. ಸೈರನ್ ಎತ್ತಿಕೊಂಡಳು, ಮುದುಕರು ಹಿಂದೆ ಎಳೆದುಕೊಂಡು ಬಂದರು. ಶ್ರುತಿ ಅರ್ಧ ಸ್ವರ ಇಳಿದಿತ್ತು, ಕೇಳಲಾರದಷ್ಟು ಕೆಟ್ಟದಾಗಿತ್ತು. ನಾನು ನೆಲದ ಮೇಲೆ ಕೂತು ಅತ್ತೆ. ಕೊನೆಯ ಹಾಡಿಗೆ ಎದ್ದು ಸರಿಯಾಗಿಯೇ ಒತ್ತಿದೆ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೊರಗೆ ಬಂದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿದ್ದದ್ದೇ.

ಇವತ್ತು ಬೆಳಿಗ್ಗೆಯೂ ತಂಗಿ ಜಡೆ ಹಾಕಿದಳು. ಗುನುಗಲಿಲ್ಲ. ಬಾಚಣಿಗೆ ನಿಲ್ಲಿಸಿ, "ಬೇಕಂತಲೇ ಮಾಡಿದ್ಯಾ ಅಕ್ಕ?" ಎಂದಳು.

"ಇಲ್ಲ. ಮಂಡಿ ಊರಿದ್ದೆ. ಒತ್ತೋದು ಮರೆತುಹೋಯ್ತು."

ಅವಳು ನಕ್ಕಳು. ಸಂತೋಷದ ನಗುವಲ್ಲ. "ನೀನು? ಮಂಡಿ ಊರಿದ್ದೆ? ಅಕ್ಕ, ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳು."

ಹುಟ್ಟಿದಂದಿನಿಂದ ನಾನು ಹೇಳಿದ್ದನ್ನೆಲ್ಲ ನಂಬಿದವಳು ಇವಳು. ನಿನಗೆ ಸಂಗೀತ ಬರುವುದಿಲ್ಲ ಎಂದದ್ದನ್ನೂ ನಂಬಿ ಅರ್ಧ ಆಯುಷ್ಯ ಕಳೆದಳು. ಇದೊಂದನ್ನು ನಂಬಲಿಲ್ಲ.

ಮಾರ್ಚ್ ೭, ಶುಕ್ರವಾರ

ಕಮಿಟಿ ಕರೆಸಿತ್ತು. ಚರ್ಚಿನ ಹಿಂದಿನ ಕೋಣೆ, ಉದ್ದನೆಯ ಮೇಜು, ಒಂದು ಕಾಲು ಗಿಡ್ಡ ಇರುವ ಕುರ್ಚಿಯನ್ನು ನನಗೇ ಬಿಟ್ಟಿದ್ದರು. ತಂಗಿಯೂ ಗೋಡೆಗೊರಗಿ ಕೂತಿದ್ದಳು. ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. 'ನಾನು ಪ್ರಾರ್ಥನೆಯಲ್ಲಿದ್ದೆ. ಪ್ರಾರ್ಥನೆ ಮಾಡಿದ್ದಕ್ಕೆ ಈ ಸಭೆಯಲ್ಲಿ ಶಿಕ್ಷೆಯೇ?' ಎಂದು ಕೇಳಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ತಂಗಿ ನಂಬದಿದ್ದರೂ ಇವರಿಗೆ ಮುಖದ ಮೇಲೆ ಅಲ್ಲಗಳೆಯುವ ಧೈರ್ಯವಿಲ್ಲ. ಸ್ಟೂಲು ನನ್ನದೇ ಆಗಿ ಉಳಿಯುತ್ತಿತ್ತು.

ಸೈರನ್, ಅವಳ ಮಟ್ಟಿಗೆ ಮೆಲ್ಲಗೆ, "ದೇವರ ಮುಂದೆ ಹೇಳಿ. ನಿಲ್ಲಿಸಬೇಕು ಅಂತ ನಿಮ್ಮ ಮನಸ್ಸಲ್ಲಿತ್ತಾ?" ಎಂದಳು.

ಬಾಯಿ ತೆರೆದೆ. ಆ ಉತ್ತರ ಹೊರಡಲಿಲ್ಲ. ಮತ್ತೆ ಅದೇ ಹೆದರಿಕೆ. ಕಮಿಟಿಯವರದ್ದಂತೂ ಅಲ್ಲ, ಇವರಿಗೆ ನಾನು ಯಾವತ್ತು ಹೆದರಿದ್ದೇನೆ? ಆ ಕೋಣೆಯಲ್ಲಿ ನನ್ನೆದುರು ಇದ್ದವನನ್ನು ಒಂದು ಸ್ಟೂಲಿಗೋಸ್ಕರ ಸಾಕ್ಷಿಗೆ ಎಳೆದು ತರಲು ನಾಲಗೆ ಏಳಲಿಲ್ಲ.

"ಇತ್ತು," ಎಂದೆ. "ಹಿಂದಿನ ದಿನವೇ ಯೋಚನೆ ಮಾಡಿದ್ದೆ. ಹೊಟ್ಟೆಕಿಚ್ಚು. ಕೆಲಸ ಅವಳಿಗೇ ಕೊಡಿ. ಅರ್ಧ ಅಲ್ಲ, ಪೂರ್ತಿ."

ಈ ಕೊನೆಯ ಮಾತು ಎಲ್ಲಿಂದ ಬಂತೋ! ಯಾರೂ ಕೇಳಿರಲಿಲ್ಲ. ಪಾದ್ರಿಗಳು ಇನ್ನೇನೋ ಕೇಳಲು ಹೊರಟು ನನ್ನ ಮುಖ ನೋಡಿ ಬಿಟ್ಟುಬಿಟ್ಟರು.

ದಾರಿಯಲ್ಲಿ ತಂಗಿ ನನ್ನಿಂದ ದೂರ ನಡೆದಳು. ಮನೆ ಬಾಗಿಲಲ್ಲಿ, "ಅವರ ಹತ್ರ ನಿಜ ಹೇಳಿದೆ. ನನ್ನ ಹತ್ರ ಮಾತ್ರ ಮಂಡಿ ಕಥೆ ಕಟ್ಟಿದೆ" ಎಂದಳು. ಎರಡೂ ನಿಜ ಕಣೇ ಎನ್ನಬೇಕಿತ್ತು. ಬಿಸಿತುಪ್ಪದ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ನನ್ನ ಮೇಲೆ ನನಗೇ ಸಿಟ್ಟು. ಕೈಯಲ್ಲಿದ್ದದ್ದನ್ನು ಕೊಟ್ಟು ಬೈಗುಳ ಕೊಂಡುಕೊಂಡ ಹಾಗಾಯಿತಲ್ಲ.

ಮಾರ್ಚ್ ೧೨, ಬುಧವಾರ

ನಿನ್ನೆ ಪ್ಲಾಸ್ಟರ್ ತೆಗೆದರು. ಕೈ ಬೇರೆ ಯಾರದ್ದೋ ಎನ್ನುವ ಹಾಗೆ ಸಣ್ಣಗಾಗಿದೆ. ಬೆರಳು ಮಡಚುತ್ತವೆ, ಹರಡುವುದಿಲ್ಲ. ಬೆಳಿಗ್ಗೆ ತಂಗಿ ಬಾಚಣಿಗೆ ಹಿಡಿದು ಬಂದಳು. ಇನ್ನು ನಾನೇ ಹಾಕಿಕೊಳ್ಳುತ್ತೇನೆ ಎಂದೆ. "ಸರಿ" ಎಂದು ಮೇಜಿನ ಮೇಲಿಟ್ಟು ಹೋದಳು. ಜಡೆ ಸೊಟ್ಟಗೆ ಬಂತು.

ಮಾರ್ಚ್ ೧೬, ಭಾನುವಾರ

ಮೋಟಾರು ಬಂದಿದೆ. ಗುರ್ ಎಂದು ಸದ್ದು ಮಾಡುತ್ತದೆ, ರಿಪೇರಿಯವನ ಮುಖಕ್ಕೆ ಹೊಡೆಯಬೇಕು. ತಿದಿಯ ಕೋಣೆಗೆ ಬೀಗ ಹಾಕಿದ್ದಾರೆ. ತಂಗಿಯೇ ಈಗ ಸಭೆಯ ಆರ್ಗನಿಸ್ಟ್. ಜನರ ನಡುವೆ ನನಗೆ ಕೂರಲು ಜಾಗ ಸಿಕ್ಕಿದ್ದು ಎಲ್ಲಿ? ಸೈರನ್ ಪಕ್ಕದಲ್ಲಿ. ಬೆಂಚು ಕಿರಿದು, ಅವಳು ಅಗಲ. ಮೊದಲ ಹಾಡಿಗೇ ಎಡಗಿವಿ ಹೋಯಿತು. ತಂಗಿ ನಿಧಾನವಾಗಿ ನುಡಿಸಿದಳು, ಎರಡನೆಯ ಹಾಡಿನಲ್ಲಿ ಎಂದಿನ ಜಾಗದಲ್ಲೇ ಎಡವಿದಳು.

ಇವತ್ತೂ ರೊಟ್ಟಿ, ದ್ರಾಕ್ಷಾರಸ ಇತ್ತು. ಆ 'ಪರಿಶುದ್ಧ' ಹಾಡಿನ ನಡುವೆ ಆರ್ಗನ್ ಮತ್ತೆ ನಿಂತಿತಂತೆ! ಗಾಳಿ ಇತ್ತು, ತಂಗಿಯ ಕೈ ನಿಂತದ್ದು. ನನಗೆ ಇದು ತಿಳಿದದ್ದು ಆಮೇಲೆ, ಸೈರನ್ ಹೇಳಿದ ಮೇಲೆ. ಹಾಡಿಗೆ ಎಲ್ಲರೂ ಎದ್ದು ನಿಂತಿದ್ದಾಗ ನಾನೊಬ್ಬಳೇ ಮಂಡಿ ಊರಿದ್ದೆನಂತೆ. ನನ್ನನ್ನು ನೆಲದಿಂದ ಎಬ್ಬಿಸಿ ಬೆಂಚಿಗೆ ಕೂರಿಸಿದವಳೂ ಅವಳೇ. "ತಲೆ ಸುತ್ತು ಬಂತಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ, ನನ್ನ ಕೈಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. ಅವಳ ಕೈ ಒರಟು, ಬೆಚ್ಚಗಿತ್ತು.

ಮನೆಗೆ ಬಂದ ಕೂಡಲೇ ತಂಗಿಯನ್ನು ತರಾಟೆಗೆ ತೆಗೆದುಕೊಂಡೆ. "ಮೋಟಾರು ನೆಟ್ಟಗಿತ್ತು, ಹಾಳೆ ಮುಂದಿತ್ತು. ಯಾಕೆ ನಿಲ್ಲಿಸಿದೆ?"

"ಕನ್ನಡಿಯಲ್ಲಿ ನಿನ್ನ ನೋಡಿದೆ" ಎಂದಳು.

ಆರ್ಗನ್ ಮೇಲೊಂದು ಕನ್ನಡಿ ಇದೆ, ಬೆನ್ನ ಹಿಂದಿನ ಪಾದ್ರಿಗಳು ಕಾಣಲಿ ಅಂತ. ಅದರಲ್ಲಿ ಬೆಂಚುಗಳನ್ನು ನೋಡುತ್ತ ಕೂತರೆ ನುಡಿಸುವವರು ಯಾರು? ಅದನ್ನೇ ಹೇಳಿದೆ. ಅವಳು ನನ್ನ ಕಾಲ ಬಳಿ ಕೂತು ಮಡಿಲಲ್ಲಿ ತಲೆಯಿಟ್ಟಳು. "ಅವತ್ತು ನಾನು ನಕ್ಕುಬಿಟ್ಟೆನಲ್ಲಾ ಅಕ್ಕ" ಎಂದು ಅಳತೊಡಗಿದಳು. ಎಷ್ಟು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ. ತಲೆ ಸವರಿದೆ. ಹರಡಲಾರದ ಬೆರಳಿಗೆ ಅದಾದರೂ ಆಗುತ್ತದೆ. ಇಂಥ ಅಳುಬುರುಕಿಯನ್ನು ಆ ಸ್ಟೂಲಿನ ಮೇಲೆ ಕೂರಿಸಿದ್ದಾರೆ.

ಮುಂದಿನ ವಾರ ಕನ್ನಡಿಯಲ್ಲಿ ಏನೇ ಕಂಡರೂ ಕೈ ನಿಲ್ಲಿಸಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಆರ್ಗನ್ ನಿಂತ ಮೇಲೆ ಜನ ತಮ್ಮ ಪಾಡಿಗೆ ತಾವು ಹಾಡಿಕೊಂಡು ಹೋದರಂತೆ. ಶ್ರುತಿ ಹೋದ ಸಲಕ್ಕಿಂತ ಇನ್ನೂ ಕೆಳಗೆ ಇಳಿದಿತ್ತಂತೆ. ನನಗೆ ಕೇಳಿಸಲಿಲ್ಲ.